ಕೋವಿಯ ಲೆಕ್ಕವೂ ಕೋವಿಯ ಧರ್ಮವೂ

ಕಳೆದ ತಿಂಗಳು ನಮ್ಮ ಸಂಘದ ಸಭೆಯು ಮುಗಿದ ಬಳಿಕ, ಕಾಫಿಯ ಹೊತ್ತಿನಲ್ಲಿ, ಬೇಲೂರು ಕಡೆಯ ತೋಟಗಾರರಾದ ಮಿತ್ರರೊಬ್ಬರು ಒಂದು ಮಾತನ್ನೆತ್ತಿದರು. ಕಾನೂನು ಒಬ್ಬನಿಗೆ ಎರಡು ಕೋವಿಗಳನ್ನು ಅನುಮತಿಸಿರುವಾಗ ಒಂದರಲ್ಲಿಯೇ ನಿಲ್ಲುವವನು ತನ್ನ ಹಕ್ಕನ್ನು ತಾನೇ ಕಳೆದುಕೊಳ್ಳುವ ಅವಿವೇಕಿಯೆಂದೂ, ಕಾಡಾನೆಯು ಅಂಗಳಕ್ಕೆ ಬಂದು ನಿಲ್ಲುವ ಈ ದಿನಗಳಲ್ಲಿ ಗೃಹಸ್ಥನಾದವನು ಎರಡನ್ನೂ ಇಟ್ಟುಕೊಂಡೇ ಇರತಕ್ಕದ್ದೆಂದೂ ಅವರ ಅಭಿಪ್ರಾಯ. ಅರಸೀಕೆರೆಯ ಮಹನೀಯರೊಬ್ಬರು ಚಿರತೆಯ ಹಾವಳಿಯನ್ನು ವರ್ಣಿಸಿ ಅದನ್ನು ಅನುಮೋದಿಸಿದರು. ಹಳೇಬೀಡಿನ ತರುಣರೊಬ್ಬರು, ಹುಲಿಯನ್ನು ಹೊಡೆದ ಸಳನ ನಾಡಿನಲ್ಲಿ ಹುಟ್ಟಿ ಕೋವಿಯನ್ನು ಮುಟ್ಟಲು ಅಂಜುವುದು ನಾಚಿಕೆಗೇಡೆಂದರು. ಎಲ್ಲರೂ ನಕ್ಕರು. ನಾನು ಸುಮ್ಮನಿದ್ದೆನು. ಮೌನವು ಸಮ್ಮತಿಯ ಲಕ್ಷಣವೆಂದು ಅವರು ತಿಳಿದಿದ್ದಲ್ಲಿ ಆ ಭ್ರಮೆಯನ್ನು ಹೋಗಲಾಡಿಸುವುದು ನನ್ನ ಕರ್ತವ್ಯವು. ಅಂದು ಸುಮ್ಮನಿದ್ದುದಕ್ಕೆ ಬೇರೊಂದು ಕಾರಣವುಂಟು. ಅದನ್ನೂ ಈ ಲೇಖನದಲ್ಲಿಯೇ ನಿವೇದಿಸುವೆನು.

ಮೊದಲೇ ಒಂದು ಮಾತು. ಪಾಠಶಾಲೆಯಲ್ಲಿ ಓದಿ, ಮಕ್ಕಳಿಗೆ ಶಬ್ದಮಂಜರಿಯನ್ನು ಹೇಳಿಕೊಟ್ಟು ಮುದುಕನಾದ ಈ ಮೇಷ್ಟರಿಗೆ ಕೋವಿಯ ವಿಚಾರವೇನು ಗೊತ್ತೆಂದು ಕೆಲವರು ಕೇಳಬಹುದು. ನಮ್ಮದು ಬೇಲೂರು ತಾಲ್ಲೂಕಿನ ಪಶ್ಚಿಮದ ಅಂಚಿನ ಊರು. ನಮ್ಮ ತಂದೆಯವರಿಗೆ ಬೆಳೆರಕ್ಷಣೆಗೆಂದು ಕೊಟ್ಟ ಕೇಪಿನ ಕೋವಿಯೊಂದಿದ್ದಿತು. ಅಣ್ಣನವರ ಕಾಲಕ್ಕೆ ತೋಟಾ ಹಾಕುವ ಜೋಡುನಳಿಗೆಯೊಂದು ಬಂದಿತು. ಒಂದು ರಾತ್ರಿಯಲ್ಲಿ ಹಂದಿಯ ಹಿಂಡು ಆರು ತಿಂಗಳ ದುಡಿಮೆಯನ್ನು ಹೇಗೆ ಉತ್ತುಹಾಕುವುದೆಂಬುದನ್ನು ನಾನು ಗದ್ದೆಯ ಬದುವಿನಲ್ಲಿ ನಿಂತು ಕಂಡವನು. ಆದುದರಿಂದ ಅಹಿಂಸೆಯ ಉಪನ್ಯಾಸವನ್ನು ಮಾಡುವುದಕ್ಕಾಗಲಿ, ರೈತನ ಸಂಕಟವನ್ನು ಹಗುರವಾಗಿ ಕಾಣುವುದಕ್ಕಾಗಲಿ ನಾನು ಹೊರಟಿಲ್ಲ. ಕೋವಿಯು ಬೇಡವೆಂಬುದು ನನ್ನ ಪಕ್ಷವಲ್ಲ. ಎಷ್ಟು ಕೋವಿಗಳೆಂಬ ಪ್ರಶ್ನೆಯನ್ನು ಕಾನೂನಿನ ಪರಮಾವಧಿಯಿಂದ ನಿರ್ಣಯಿಸತಕ್ಕದ್ದಲ್ಲ, ಪ್ರಯೋಜನದಿಂದಲೂ ಯೋಗ್ಯತೆಯಿಂದಲೂ ನಿರ್ಣಯಿಸತಕ್ಕದ್ದು ಎಂಬುದಷ್ಟೇ ನನ್ನ ಸಿದ್ಧಾಂತವು.

ಕಾನೂನು ಹೇಳುವುದೇನೆಂಬುದನ್ನು ಮೊದಲು ನೋಡೋಣ. ೧೯೫೯ರ ಆಯುಧಗಳ ಅಧಿನಿಯಮವು ಒಬ್ಬನಿಗೆ ಇಷ್ಟೇ ಕೋವಿಗಳೆಂಬ ಕಟ್ಟನ್ನು ಆರಂಭದಲ್ಲಿ ಹಾಕಿರಲಿಲ್ಲ. ೧೯೮೩ರ ತಿದ್ದುಪಡಿಯಿಂದ ಮೂರೆಂಬ ಮಿತಿಯಾಯಿತು. ೨೦೧೯ರ ತಿದ್ದುಪಡಿಯಿಂದ ಅದು ಎರಡಕ್ಕೆ ಇಳಿಯಿತು. ಮೂರನೆಯದನ್ನು ಒಂದು ವರ್ಷದೊಳಗಾಗಿ ಒಪ್ಪಿಸಬೇಕೆಂದು ವಿಧಿಸಲಾಯಿತು. ಈ ಮಿತಿಯನ್ನೇ ನಮ್ಮ ಮಿತ್ರರು ಆಜ್ಞೆಯೆಂದು ಓದಿಕೊಂಡಿರುವರು. ಮೀಮಾಂಸೆಯನ್ನು ಅಲ್ಪಸ್ವಲ್ಪ ಓದಿದವರಿಗೂ ವಿಧಿಗೂ ಪರಿಸಂಖ್ಯೆಗೂ ಇರುವ ಭೇದವು ತಿಳಿದಿರುತ್ತದೆ. ಐದು ಉಗುರುಗಳುಳ್ಳ ಪ್ರಾಣಿಗಳಲ್ಲಿ ಐದು ಜಾತಿಯವನ್ನು ಭಕ್ಷಿಸಬಹುದೆಂದು ಶಾಸ್ತ್ರವು ಹೇಳಿದರೆ, ಆ ಐದನ್ನೂ ತಿನ್ನಲೇಬೇಕೆಂದು ಅದರ ತಾತ್ಪರ್ಯವಲ್ಲ. ಉಳಿದುವನ್ನು ಮುಟ್ಟಬೇಡವೆಂದು ತಾತ್ಪರ್ಯವು. ಎರಡು ಕೋವಿಗಳಿರಬಹುದು ಎಂಬ ವಾಕ್ಯವೂ ಇದೇ ಜಾತಿಯದು. ಮೂರನೆಯದನ್ನು ನಿಷೇಧಿಸುವುದಕ್ಕೆ ಹುಟ್ಟಿದ ವಾಕ್ಯದಿಂದ ಎರಡನೆಯದನ್ನು ಕೊಳ್ಳುವ ಕರ್ತವ್ಯವನ್ನು ಹೊರಡಿಸುವುದು ಶಬ್ದಕ್ಕೆ ಮಾಡುವ ಅಪಚಾರವಲ್ಲವೆ?

ಮತ್ತೊಂದು ಸಂಗತಿಯನ್ನೂ ಗಮನಿಸಬೇಕು. ಕಾನೂನು ಎಣಿಸುವುದು ವ್ಯಕ್ತಿಯನ್ನು. ಅಪಾಯವು ಸುತ್ತುವುದು ಮನೆಯನ್ನು. ತಂದೆಗೆ ಎರಡು, ಇಬ್ಬರು ಮಕ್ಕಳಿಗೆ ಎರಡೆರಡು ಎಂದರೆ ಒಂದೇ ಸೂರಿನ ಕೆಳಗೆ ಆರು ಕೋವಿಗಳಾದುವು. ಆರಕ್ಕೂ ಪರವಾನಗಿಯಿರಬಹುದು. ಆದರೆ ಆ ಸೂರಿನ ಕೆಳಗೆ ಆಡುವ ಮಗುವಿಗೆ ಯಾವ ಕೋವಿಯು ಯಾರ ಹೆಸರಿನದೆಂಬ ವಿವೇಚನೆಯುಂಟೆ?

ಇನ್ನು ಹಕ್ಕಿನ ಮಾತು. ಬ್ರಿಟಿಷರು ೧೮೭೮ರ ಕಾಯಿದೆಯಿಂದ ನಮ್ಮ ಜನರನ್ನು ನಿರಾಯುಧರನ್ನಾಗಿ ಮಾಡಿದರೆಂಬುದು ದಿಟ. ಆ ಅವಮಾನದ ನೋವಿನಿಂದಲೇ ೧೯೩೧ರ ಕರಾಚಿ ನಿರ್ಣಯದಲ್ಲಿ ಆಯುಧಧಾರಣೆಯನ್ನು ನಾಗರಿಕನ ಹಕ್ಕುಗಳಲ್ಲಿ ಸೇರಿಸಿದ್ದರು. ಆದರೆ ೧೯೪೮ರ ಡಿಸೆಂಬರಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರು ಈ ಹಕ್ಕನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದು ಸೂಚಿಸಿದಾಗ, ಡಾಕ್ಟರ್ ಅಂಬೇಡ್ಕರರು ಅದನ್ನು ಒಪ್ಪಲಿಲ್ಲ. ನಾವು ಒತ್ತಿ ಹೇಳಬೇಕಾದುದು ಆಯುಧವನ್ನು ಧರಿಸುವ ಹಕ್ಕನ್ನಲ್ಲ, ದೇಶಕ್ಕೆ ಬೇಕಾದಾಗ ಧರಿಸುವ ಕರ್ತವ್ಯವನ್ನು ಎಂಬುದು ಅವರ ಅಭಿಪ್ರಾಯವಾಗಿದ್ದಿತು. ಸಭೆಯು ಕಾಮತರ ಸೂಚನೆಯನ್ನು ತಿರಸ್ಕರಿಸಿತು. ಆದುದರಿಂದ ನಮ್ಮ ದೇಶದಲ್ಲಿ ಕೋವಿಯು ಹುಟ್ಟಿನಿಂದ ಬಂದ ಹಕ್ಕಲ್ಲ. ಕಾರಣವನ್ನು ಹೇಳಿ ಪಡೆದುಕೊಂಡ ಅನುಮತಿ. ಕಾರಣವು ಒಂದಕ್ಕೆ ಸಾಲುವುದಾದರೆ ಎರಡನೆಯದಕ್ಕೆ ಬೇರೊಂದು ಕಾರಣವನ್ನು ತೋರಿಸುವ ಭಾರವು ಕೇಳುವವನ ಮೇಲಿರುತ್ತದೆ.

ಅಂತಹ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸೋಣ. ಮೊದಲನೆಯದು ಆನೆ. ಬೇಲೂರು, ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಕಾಫಿ ತೋಟವೇ ಆನೆಯ ಮನೆಯಾಗಿದೆ. ೨೦೨೫ರ ಆರಂಭದ ತಿಂಗಳುಗಳಲ್ಲಿ ಬೇಲೂರು ತಾಲ್ಲೂಕಿನಲ್ಲಿ ಒಬ್ಬರಾದ ಮೇಲೊಬ್ಬರು ಆನೆಯ ಕಾಲಿಗೆ ಸಿಕ್ಕಿ ಪ್ರಾಣವನ್ನು ನೀಗಿದರು. ತೋಟಕ್ಕೆ ಹೋದ ಹೆಂಗಸು ಸಂಜೆ ಮರಳಿ ಬರುವಳೆಂಬ ಭರವಸೆಯಿಲ್ಲದ ಊರುಗಳಿವೆ. ಈ ದುಃಖದ ಮುಂದೆ ಯಾರೂ ತರ್ಕವನ್ನು ಹೂಡಲಾರರು. ಆದರೆ ಕೇಳಬೇಕಾದ ಪ್ರಶ್ನೆಯು ಇದು: ನಮ್ಮ ಕೋವಿಯು ಆ ದುಃಖವನ್ನು ತಡೆಯಬಲ್ಲುದೆ? ಬೆಳೆಗಾರನ ಚರೆಕೋವಿಯ ಈಡು ಆನೆಯನ್ನು ಕೊಲ್ಲುವುದಿಲ್ಲ. ಚರ್ಮದೊಳಗೆ ಹೊಕ್ಕು ಕೀವಾಗಿ ನಿಲ್ಲುತ್ತದೆ. ನೊಂದ ಆನೆಯು ಹೆದರಿ ಕಾಡಿಗೆ ಹೋಗುವುದೆಂಬುದು ಭ್ರಾಂತಿ. ಅದು ಮನುಷ್ಯನ ವಾಸನೆಯನ್ನು ಕಂಡರಾಗದಂತಾಗಿ, ಮರುದಿನ ಬೆಳಗ್ಗೆ ಆ ದಾರಿಯಲ್ಲಿ ಬರುವ ನಿರಪರಾಧಿಯ ಮೇಲೆ ತನ್ನ ನೋವನ್ನು ತೀರಿಸಿಕೊಳ್ಳಬಹುದು. ಈಡು ಹೊಡೆದವನು ಮನೆಯೊಳಗೆ, ತುಳಿಸಿಕೊಂಡವನು ರಸ್ತೆಯಲ್ಲಿ.

೨೦೨೩ರ ಡಿಸೆಂಬರ್ ೪ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ನಡೆದುದನ್ನು ಯಾರು ಮರೆತಾರು? ಮೈಸೂರು ದಸರೆಯಲ್ಲಿ ಎಂಟು ಸಾರಿ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನೆಂಬ ಆನೆಯು, ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ, ಒಂದು ಸಲಗದ ಇರಿತದಿಂದ ಅಲ್ಲಿಯೇ ಮಡಿಯಿತು. ಅಲ್ಲಿ ನುರಿತ ಮಾವುತರಿದ್ದರು, ಅಧಿಕಾರಿಗಳಿದ್ದರು, ಮತ್ತು ಬರಿಸುವ ಕೋವಿಗಳೂ ಇದ್ದುವು. ಆ ಸನ್ನಾಹದ ನಡುವೆಯೇ ಹೀಗಾದರೆ, ಅರೆನಿದ್ರೆಯಲ್ಲಿ ಎದ್ದು ಜಗುಲಿಯಿಂದ ಹೊಡೆಯುವ ನಮ್ಮ ಈಡು ಏನನ್ನು ಸಾಧಿಸೀತು? ಆನೆಯನ್ನು ಕೊಲ್ಲುವುದು ಅಪರಾಧವೆಂಬುದು ನಿನ್ನೆ ಮೊನ್ನೆಯ ಮಾತಲ್ಲ. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆನೆಯನ್ನು ಕೊಂದವನಿಗೆ ಮರಣದಂಡನೆಯನ್ನೇ ವಿಧಿಸಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ೧೯೭೭ರಲ್ಲಿ ಆನೆಯನ್ನು ಸೇರಿಸಲಾಯಿತು. ಆನೆಗೆಂದು ಕೋವಿಯನ್ನು ಬೇಡುವವನು ಮಾಡಬಾರದ ಕಾರ್ಯಕ್ಕೆ, ಆಗದ ಸಾಧನವನ್ನು ಬೇಡುತ್ತಿರುವನು. ಆನೆಯ ಲೆಕ್ಕದಲ್ಲಿ ಬೇಕಾದ ಕೋವಿಗಳ ಸಂಖ್ಯೆಯು ಸೊನ್ನೆ.

ಎರಡನೆಯದು ಹಂದಿ. ಇಲ್ಲಿ ವಾದಕ್ಕೆ ಬಲವುಂಟು. ಕಾನೂನು ಕೂಡ ಬೆಳೆಯ ನಿಜವಾದ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿಯನ್ನೂ, ಆತ್ಮರಕ್ಷಣೆಗೆ ಇಪ್ಪತ್ತು ಅಂಗುಲಕ್ಕೆ ಕಡಮೆಯಿಲ್ಲದ ನಳಿಗೆಯ ಚರೆಕೋವಿಯನ್ನೂ ಹೆಸರಿಟ್ಟು ಹೇಳಿದೆ. ಆದರೆ ಕೋವಿಯ ಪರವಾನಗಿಯು ಬೇಟೆಯ ಪರವಾನಗಿಯಲ್ಲ. ಹೊಲಕ್ಕೆ ನುಗ್ಗಿದ ಹಂದಿಯನ್ನು ಕೊಲ್ಲುವುದಕ್ಕೂ ಅರಣ್ಯಾಧಿಕಾರಿಯ ಅಪ್ಪಣೆ ಬೇಕೆಂಬುದನ್ನು ನಮ್ಮವರು ಮರೆತೇಬಿಟ್ಟಿರುವರು. ಹೆಚ್ಚಿನ ರಾತ್ರಿಗಳಲ್ಲಿ ಬೇಕಾಗುವುದು ಸದ್ದು ಮಾತ್ರ. ಸದ್ದಿಗೆ ಒಂದು ನಳಿಗೆಯು ಸಾಕು; ಎರಡು ಕೋವಿಗಳಿಂದ ಹಂದಿಗೆ ಇಮ್ಮಡಿ ಭಯವಾಗುವುದಿಲ್ಲ.

ಕೇಪಿನ ಕೋವಿಯಲ್ಲಿರುವ ದೋಷವೊಂದನ್ನು ಇಲ್ಲಿ ಹೇಳಬೇಕು. ಮದ್ದನ್ನು ಸುರಿದು, ನಾರನ್ನು ತುರುಕಿ, ಚರೆಯನ್ನಿಳಿಸಿ, ಗಜದಿಂದ ಜಡಿದ ಮೇಲೆ ಅದನ್ನು ಸುಲಭವಾಗಿ ಬರಿದುಮಾಡುವ ಉಪಾಯವು ಹಾರಿಸುವುದೊಂದೇ. ಹಂದಿಯು ಬರದ ರಾತ್ರಿಯಲ್ಲಿ ಮದ್ದನ್ನು ವ್ಯರ್ಥಮಾಡುವುದಕ್ಕೆ ರೈತನ ಮನಸ್ಸು ಒಪ್ಪುವುದಿಲ್ಲ. ಆದುದರಿಂದ ತುಂಬಿದ ಕೋವಿಯು ಬಾಗಿಲ ಹಿಂದೆ ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಿಂತಿರುತ್ತದೆ. ಕೇಪನ್ನು ತೆಗೆದಿದ್ದೇನೆಂಬ ನಂಬಿಕೆಯೊಂದೇ ಅದಕ್ಕೂ ಮನೆಯವರಿಗೂ ನಡುವಣ ಗೋಡೆ. ನಮ್ಮ ಮನೆಯಲ್ಲಿಯೂ ಹೀಗೆಯೇ ಇದ್ದಿತು. ಈಗ ನನ್ನ ಮೌನದ ಕಾರಣವನ್ನು ಹೇಳುವೆನು.

೧೯೮೭ರ ಕಾರ್ತಿಕ ಮಾಸ. ತಂದೆಯವರಿಗೆ ಜ್ವರ, ಅಣ್ಣನು ಹಾಸನಕ್ಕೆ ಹೋಗಿದ್ದನು. ಮೂರು ರಾತ್ರಿಗಳಿಂದ ಹಂದಿಯು ಗದ್ದೆಯನ್ನು ಹಾಳುಮಾಡಿದ್ದಿತು. ನಾಲ್ಕನೆಯ ರಾತ್ರಿ ಪೈರಿನೊಳಗೆ ಸರಸರನೆಂಬ ಶಬ್ದವು ಕೇಳಿಸಲು, ಬಾಗಿಲ ಹಿಂದಿನ ಕೋವಿಯನ್ನು ತೆಗೆದುಕೊಂಡು, ಕೇಪನ್ನಿಟ್ಟು, ಶಬ್ದವು ಬಂದ ಕಡೆಗೆ ಹೊಡೆದೆನು. ಪರವಾನಗಿಯು ತಂದೆಯವರ ಹೆಸರಿನಲ್ಲಿದ್ದಿತೇ ಹೊರತು ನನ್ನ ಹೆಸರಿನಲ್ಲಿರಲಿಲ್ಲ. ಆ ಕೋವಿಯನ್ನು ಮುಟ್ಟುವ ಅಧಿಕಾರವೇ ನನಗಿರಲಿಲ್ಲ. ಈಡು ಹಾರಿದೊಡನೆಯೇ ಕೇಳಿಸಿದುದು ಹಂದಿಯ ಕೂಗಲ್ಲ. ಅದು ನೆರೆಮನೆಯ ವಿಧವೆಯೊಬ್ಬಳ ಗಬ್ಬದ ಹಸು. ಹಗ್ಗವನ್ನು ಬಿಡಿಸಿಕೊಂಡು ಬಂದಿದ್ದಿತು. ದೀಪವನ್ನು ಹಿಡಿದು ಓಡಿದಾಗ ಕಂಡುದೇನು? ಹಸುವಿನಿಂದ ನಾಲ್ಕು ಮಾರು ದೂರದಲ್ಲಿ ಅವಳ ಮಗ, ಹತ್ತು ವರ್ಷದ ಹುಡುಗನು, ಕೈಯಲ್ಲಿ ಹಗ್ಗವನ್ನು ಹಿಡಿದು, ಬಾಯಿಬಿಡಲಾರದೆ ನಿಂತಿದ್ದನು. ಹಸುವನ್ನು ಹುಡುಕಿಕೊಂಡು ಕತ್ತಲೆಯಲ್ಲಿ ಬಂದವನು. ಅವನು ನನ್ನ ಶಾಲೆಯ ಹುಡುಗನೇ. ಹಸುವು ಮೂರು ದಿನ ನರಳಿ ಸತ್ತಿತು. ಅದರ ಬೆಲೆಯನ್ನು ಕೊಟ್ಟೆವು. ಊರಿನವರು ನಮ್ಮ ಮನೆಯ ಮರ್ಯಾದೆಗಾಗಿ ಸುಮ್ಮನಾದರು. ಆ ತಾಯಿಯು ಒಂದು ಮಾತನ್ನೂ ಆಡಲಿಲ್ಲ. ಅದೇ ನನಗೆ ಇಂದಿಗೂ ದುಸ್ಸಹವಾಗಿದೆ.

ಆ ವರ್ಷ ಮನೆಗೆ ಬರುತ್ತಿದ್ದ ಇಬ್ಬರು ವಿದ್ಯಾರ್ಥಿಗಳಿಗೆ ನಾನು ರಘುವಂಶದ ೯ನೆಯ ಸರ್ಗವನ್ನು ಪಾಠಹೇಳುತ್ತಿದ್ದೆನು! ದಶರಥನು ಬೇಟೆಗೆ ಹೋದುದು, ಕೊಡಕ್ಕೆ ನೀರು ತುಂಬುವ ಶಬ್ದವನ್ನು ಆನೆಯ ಶಬ್ದವೆಂದು ಭ್ರಮಿಸಿ ಬಾಣವನ್ನು ಬಿಟ್ಟುದು, ಕುರುಡ ತಂದೆತಾಯಿಗಳ ಮಗನು ಆ ಬಾಣಕ್ಕೆ ಗುರಿಯಾದುದು. ವಾಲ್ಮೀಕಿಯು ಇದನ್ನು ಸರಯೂ ತೀರದಲ್ಲಿ ನಡೆಯಿತೆನ್ನುವನು, ಕಾಳಿದಾಸನು ತಮಸಾ ತೀರದಲ್ಲಿ ಎನ್ನುವನು. ದೋಷದ ವಿಷಯದಲ್ಲಿ ಇಬ್ಬರಿಗೂ ಭೇದವಿಲ್ಲ. ಕಾಳಿದಾಸನಂತೂ, ಕಾಡಿನ ಆನೆಯನ್ನು ಹೊಡೆಯುವುದು ರಾಜನಿಗೆ ನಿಷಿದ್ಧವಾಗಿದ್ದರೂ ದಶರಥನು ಅದನ್ನು ಮೀರಿದನೆಂದೂ, ಓದಿ ತಿಳಿದವರೂ ರಜೋಗುಣವು ಕಣ್ಣನ್ನು ಮುಚ್ಚಿದಾಗ ದಾರಿತಪ್ಪುವರೆಂದೂ ಸ್ಪಷ್ಟವಾಗಿ ತಿಳಿಸಿರುವನು. ಆ ಶ್ಲೋಕಕ್ಕೆ ಅನ್ವಯವನ್ನೂ ಪ್ರತಿಪದಾರ್ಥವನ್ನೂ ಹೇಳಿದ ಬಾಯಿಯೇ ನನ್ನದು; ಶಬ್ದವನ್ನು ಕೇಳಿ ಹೊಡೆದ ಕೈಯೂ ನನ್ನದೇ. ಶಬ್ದವೇಧಿ ವಿದ್ಯೆಯಲ್ಲಿ ಪಾರಂಗತನಾದ ಚಕ್ರವರ್ತಿಯ ಗತಿಯೇ ಹಾಗಾದರೆ, ಮಿಕ್ಕವರ ಪಾಡೇನು? ನನ್ನ ವಿಷಯದಲ್ಲಿ ಹುಡುಗನು ನಾಲ್ಕು ಮಾರು ಈಚೆಗಿದ್ದನು. ಅದು ಅದೃಷ್ಟವೇ ಹೊರತು ನನ್ನ ವಿವೇಕವಲ್ಲ. ಸಭೆಯಲ್ಲಿ ಎಲ್ಲರೂ ನಗುತ್ತಿದ್ದಾಗ ನನಗೆ ಆ ಹುಡುಗನ ಮುಖವು ಕಂಡಿತು. ಆದುದರಿಂದಲೇ ಮಾತು ಹೊರಡಲಿಲ್ಲ.

ಮೂರನೆಯ ಕಾರಣವು ಕಳ್ಳರ ಭಯ. ಒಂಟಿಮನೆಯ ವೃದ್ಧದಂಪತಿಗಳ ಭಯವು ಕಲ್ಪಿತವಲ್ಲ. ಆತ್ಮರಕ್ಷಣೆಯ ಹಕ್ಕನ್ನು ಹಳೆಯ ದಂಡಸಂಹಿತೆಯು ಕೊಟ್ಟಿದ್ದಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿದೆ. ಆದರೆ ರಕ್ಷಣೆಗೆ ಎಷ್ಟು ಅವಶ್ಯವೋ ಅದಕ್ಕಿಂತ ಹೆಚ್ಚಿನ ಹಿಂಸೆಗೆ ಆ ಹಕ್ಕು ವಿಸ್ತರಿಸದು. ಓಡಿಹೋಗುವವನ ಬೆನ್ನಿಗೆ ಹೊಡೆದವನನ್ನು ಅದು ಕಾಪಾಡದು. ಮೇಲಾಗಿ ಇಲ್ಲೊಂದು ವಿರೋಧವಿದೆ. ಕಳ್ಳನು ಬಂದ ಕ್ಷಣದಲ್ಲಿ ಕೈಗೆ ಸಿಗಬೇಕಾದರೆ ಕೋವಿಯು ತುಂಬಿಕೊಂಡು ದಿಂಬಿನ ಬಳಿಯಿರಬೇಕು. ಹಾಗಿದ್ದರೆ ಕಳ್ಳನು ಬಾರದ ಉಳಿದೆಲ್ಲ ರಾತ್ರಿಗಳಲ್ಲಿ ಅದು ಮನೆಯವರ ಕೈಗೂ ಸಿಗುತ್ತದೆ. ಮನೆಯೆಂದಮೇಲೆ ಕೋಪವುಂಟು, ಕುಡಿತವುಂಟು, ಪಾಲಿನ ಜಗಳವುಂಟು, ಸಾಲದ ಹತಾಶೆಯುಂಟು. ಮನಸ್ಸು ಕೆಟ್ಟ ಒಂದು ಗಳಿಗೆಯನ್ನು ದಾಟಿಸಿದರೆ ಬದುಕಿ ಬಾಳುವ ಜೀವವು, ಆ ಗಳಿಗೆಯಲ್ಲಿ ಕೋವಿಯು ಕೈಗೆ ಸಿಕ್ಕಿದರೆ ಉಳಿಯುವುದಿಲ್ಲ.

ಅಮೆರಿಕದಲ್ಲಿರುವ ಮಗನ ಮನೆಯಲ್ಲಿ ಐದು ಬಂದೂಕುಗಳಿವೆಯೆಂದು ಹೆಮ್ಮೆಯಿಂದ ಹೇಳುವ ತಂದೆಗಳು ನಮ್ಮಲ್ಲಿರುವರು. ಆ ದೇಶದಲ್ಲಿ ನಾಗರಿಕರ ಬಳಿಯಿರುವ ಬಂದೂಕುಗಳ ಸಂಖ್ಯೆಯು ಜನಸಂಖ್ಯೆಯನ್ನೇ ಮೀರಿದೆ. ೨೦೧೮ರಲ್ಲಿ ಪ್ರಕಟವಾದ ಗಣನೆಯಂತೆ ನೂರು ಜನಕ್ಕೆ ಸುಮಾರು ೧೨೦. ಅಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಳ್ಳರಿಂದ ಸತ್ತವರಲ್ಲ, ತಮ್ಮನ್ನು ತಾವೇ ಕೊಂದುಕೊಂಡವರು. ಜಪಾನಿನಲ್ಲಾದರೋ ಕೋವಿಯನ್ನು ಬಯಸುವವನು ಪಾಠಕ್ಕೆ ಕೂರಬೇಕು, ಬರೆದು ಉತ್ತೀರ್ಣನಾಗಬೇಕು, ಗುರಿಯ ಪರೀಕ್ಷೆಯಲ್ಲಿ ಗೆಲ್ಲಬೇಕು, ಮನಸ್ಸಿನ ಸ್ವಾಸ್ಥ್ಯಕ್ಕೆ ವೈದ್ಯನ ಪತ್ರವನ್ನು ತರಬೇಕು, ವರ್ಷಕ್ಕೊಮ್ಮೆ ಕೋವಿಯನ್ನು ಪೋಲೀಸರಿಗೆ ತೋರಿಸಬೇಕು. ಅಲ್ಲಿ ಬಂದೂಕಿನ ಸಾವೆಂಬುದು ಅತಿ ವಿರಳ. ಯಾವ ದೇಶವನ್ನು ಅನುಸರಿಸಬೇಕೆಂಬುದನ್ನು ವಾಚಕರೇ ಹೇಳಲಿ.

ಕೊಡಗಿನವರಿಗೆ ಪರವಾನಗಿಯೇ ಬೇಡವಲ್ಲ, ನಮಗೇಕೆ ಇಷ್ಟು ಕಟ್ಟುಪಾಡು ಎಂದು ಕೆಲವರ ಆಕ್ಷೇಪ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರವು ೨೦೧೯ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ಉಚ್ಚ ನ್ಯಾಯಾಲಯವು ೨೦೨೧ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಅಲ್ಲಿ ಕೋವಿಯು ಒಂದು ಸಂಸ್ಕಾರಕ್ಕೆ ಕಟ್ಟುಬಿದ್ದಿದೆ. ಗಂಡುಮಗು ಹುಟ್ಟಿದಾಗ ಒಂದು ಈಡು, ಸಾವಾದಾಗ ಎರಡು ಈಡು. ಕೈಲ್‌ಪೊಳ್ದಿನಲ್ಲಿ ಅದಕ್ಕೆ ಪೂಜೆ. ಸದ್ದಿನ ಎಣಿಕೆಯಿಂದಲೇ ಊರಿಗೆ ಸುದ್ದಿ ತಿಳಿಯುವುದೆಂದ ಮೇಲೆ ಮನಬಂದಂತೆ ಹಾರಿಸುವವನನ್ನು ಆ ಸಮಾಜವೇ ಕೇಳುತ್ತದೆ. ನಮ್ಮಲ್ಲಿಯಾದರೋ ಮದುವೆಯ ಮೆರವಣಿಗೆಯಲ್ಲಿ ಆಕಾಶಕ್ಕೆ ಹೊಡೆಯುವುದು ಶೌರ್ಯವೆನಿಸಿದೆ. ಅನ್ಯರಿಗೆ ಅಪಾಯವಾಗುವಂತೆ ಹೀಗೆ ಹಾರಿಸುವುದಕ್ಕೆ ಎರಡು ವರ್ಷಗಳವರೆಗೆ ಸೆರೆಯನ್ನೋ, ಒಂದು ಲಕ್ಷ ರೂಪಾಯಿಗಳವರೆಗೆ ದಂಡವನ್ನೋ, ಎರಡನ್ನೂ ಕೂಡಿಯೋ ೨೦೧೯ರ ತಿದ್ದುಪಡಿಯು ವಿಧಿಸಿದೆ. ಕಟ್ಟಳೆಯನ್ನು ಬಿಟ್ಟು ಹಕ್ಕನ್ನು ಮಾತ್ರ ಎರವಲು ತರುವುದು ನ್ಯಾಯವಲ್ಲ.

ಹಳೇಬೀಡಿನ ತರುಣರಿಗೆ ಎರಡು ಮಾತು. ಬೇಲೂರಿನ ಬಾಗಿಲಲ್ಲಿ ನಿಂತು ಸಳನ ವಿಗ್ರಹವನ್ನು ಸರಿಯಾಗಿ ನೋಡಿರಿ. ಐತಿಹ್ಯದಂತೆ ಹುಲಿಯು ಮೇಲೆ ಬಿದ್ದಿದ್ದಿತು. ಗುರುವು ಎದುರಿಗಿದ್ದು ಹೊಡೆಯೆಂದು ಅಪ್ಪಣೆಕೊಟ್ಟನು. ಸಳನ ಕೈಯಲ್ಲಿದ್ದುದು ಒಂದೇ ಆಯುಧ. ಕಣ್ಣಿಗೆ ಕಾಣುವ ಶತ್ರು, ತಪ್ಪಿಸಲಾಗದ ಸಂದರ್ಭ, ತಿಳಿದವರ ಆಜ್ಞೆ, ಈ ಮೂರೂ ಕೂಡಿದಲ್ಲಿ ಮಾತ್ರ ಅವನು ಕೈಯೆತ್ತಿದನು. ಬೇಲೂರಿನ ದೇವಾಲಯದ ತಳಪಟ್ಟಿಕೆಯಲ್ಲಿ ಆರುನೂರಕ್ಕೂ ಮಿಕ್ಕಿದ ಆನೆಗಳನ್ನು ಕೆತ್ತಿ, ಇಡೀ ಗುಡಿಯನ್ನೇ ಅವುಗಳ ಬೆನ್ನಿನ ಮೇಲೆ ನಿಲ್ಲಿಸಿದ ಜನರ ವಂಶದವರು ನಾವು. ಆಯುಧಗಳ ಸಂಖ್ಯೆಯೇ ರಕ್ಷಣೆಯಾಗಿದ್ದರೆ ೧೩೧೧ರಲ್ಲಿ ಮಲ್ಲಿಕಾಫರನ ಮುಂದೆ ಮುಮ್ಮಡಿ ಬಲ್ಲಾಳನು ತನ್ನ ಆನೆಕುದುರೆಗಳನ್ನು ಒಪ್ಪಿಸಬೇಕಾಗುತ್ತಿರಲಿಲ್ಲ.

ಹಾಗಾದರೆ ಒಂದು ಮನೆಗೆ ಎಷ್ಟು ಕೋವಿ? ಅಣ್ಣನವರು ತೀರಿಕೊಂಡ ಮೇಲೆ ಈ ಪ್ರಶ್ನೆಯು ನಮ್ಮ ಮನೆಗೇ ಬಂದಿತು. ಕೋವಿಯನ್ನು ಗದ್ದೆತೋಟಗಳಂತೆ ಹಂಚಿಕೊಳ್ಳಲಾಗುವುದಿಲ್ಲ. ಪರವಾನಗಿಯು ಸತ್ತವನೊಡನೆಯೇ ಮುಗಿಯುತ್ತದೆ, ವಾರಸುದಾರನು ತನ್ನ ಹೆಸರಿಗೆ ಹೊಸದಾಗಿ ಬೇಡಬೇಕು, ಅಲ್ಲಿಯವರೆಗೆ ಕೋವಿಯನ್ನು ಠಾಣೆಯಲ್ಲಿಯೋ ಅಧಿಕೃತ ವ್ಯಾಪಾರಿಯಲ್ಲಿಯೋ ಇಡಬೇಕು. ಅಣ್ಣನ ಮಗನು ಜೋಡುನಳಿಗೆಯನ್ನು ಇಟ್ಟುಕೊಂಡು, ಅಜ್ಜನ ಕೇಪಿನ ಕೋವಿಯನ್ನು ಕೊಟ್ಟು, ಅದರ ಬದಲಾಗಿ ಪಿಸ್ತೂಲೊಂದನ್ನು ಕೊಳ್ಳಬೇಕೆಂದು ಬಯಸಿದನು. ಏತಕ್ಕೆಂದು ಕೇಳಿದೆನು. ಇರಲಿ ಎಂದನು. ಇರಲಿ ಎಂಬುದು ಪ್ರಯೋಜನವಲ್ಲವೆಂದು ನಾನು ಹೇಳಿದೆನು. ಎರಡು ದಿನ ನಮ್ಮಿಬ್ಬರಿಗೆ ಮಾತಿರಲಿಲ್ಲ. ಕೊನೆಗೆ ಅವನ ಹೆಂಡತಿಯು, ಪಿಸ್ತೂಲು ಬಂದರೆ ತಾನು ಮಗುವನ್ನು ಕರೆದುಕೊಂಡು ಕೆಳಗಿನ ಕೋಣೆಯಲ್ಲಿ ಮಲಗುವೆನೆಂದಳು. ಅಲ್ಲಿಗೆ ವಾದವು ಮುಗಿಯಿತು. ಈಗ ನಮ್ಮ ಮನೆಯಲ್ಲಿರುವುದು ಒಂದೇ ಕೋವಿ.

ನನ್ನ ಲೆಕ್ಕವು ಇಂತಿದೆ. ಬೆಳೆಯಿದ್ದು, ಕಾಡಿನ ಅಂಚಿದ್ದು, ನಡೆಸಬಲ್ಲ ಒಬ್ಬನಿದ್ದರೆ ಆ ಮನೆಗೆ ಒಂದು. ಈ ಮೂರರಲ್ಲಿ ಒಂದಿಲ್ಲದಿದ್ದರೂ ಸೊನ್ನೆ. ಅರಸೀಕೆರೆಯ ಪೇಟೆಯ ಮನೆಗೆ, ತೆಂಗಿನತೋಟವನ್ನು ಗುತ್ತಿಗೆಗೆ ಕೊಟ್ಟು ಪಟ್ಟಣದಲ್ಲಿರುವವರಿಗೆ, ಗೋಡೆಯ ಅಲಂಕಾರಕ್ಕೆ ಕೋವಿಯನ್ನಿಟ್ಟವರಿಗೆ ಸೊನ್ನೆ. ಚಿರತೆಯ ವಿಚಾರವೂ ಆನೆಯದರಂತೆಯೇ. ಅದು ಬೋನಿನ ಕೆಲಸ, ಇಲಾಖೆಯ ಕೆಲಸ. ಎರಡನೆಯ ಕೋವಿಗೆ ಕ್ರೀಡೆಯ ಅಭ್ಯಾಸದಂತಹ ಬೇರೊಂದು ನಿಜವಾದ ಕಾರಣವಿದ್ದವರು ಇಟ್ಟುಕೊಳ್ಳಲಿ. ಅವರು ನೂರಕ್ಕೊಬ್ಬರೂ ಇಲ್ಲ.

ಸಂಖ್ಯೆಗಿಂತಲೂ ನಡವಳಿಕೆಯು ಮುಖ್ಯವಾದುದರಿಂದ ಅದನ್ನೂ ಹೇಳುವೆನು. ಮನೆಯೊಳಗೆ ಕೋವಿಯು ಎಂದೂ ತುಂಬಿರಕೂಡದು. ಕೋವಿಗೊಂದು ಬೀಗ, ತೋಟಾಗಳಿಗೆ ಬೇರೊಂದು ಬೀಗ. ಪಾಂಡವರು ಅಜ್ಞಾತವಾಸದಲ್ಲಿ ಆಯುಧಗಳನ್ನು ಶಮೀವೃಕ್ಷದ ಮೇಲೆ ಯಾರ ಕೈಗೂ ಎಟುಕದಂತೆ ಕಟ್ಟಿದರಲ್ಲವೆ? ಮಹಾನವಮಿಯಲ್ಲಿ ಕೋವಿಗೆ ಕುಂಕುಮವನ್ನಿಡುವವರು ಆ ಕಥೆಯ ಈ ಭಾಗವನ್ನೂ ನೆನೆಯಲಿ. ಪರವಾನಗಿಯಲ್ಲಿ ಹೆಸರಿಲ್ಲದ ಕಾವಲುಗಾರನಿಗಾಗಲಿ ಮಗನಿಗಾಗಲಿ ಕೋವಿಯನ್ನು ಕೊಡುವುದು ಅಪರಾಧವು. ಶಬ್ದಕ್ಕೆ ಹೊಡೆಯಕೂಡದು, ಬೆಳಕು ಹಾಯಿಸಿ, ಕಣ್ಣಿಂದ ಕಂಡು, ಅದರ ಹಿಂದೇನಿದೆಯೆಂಬುದನ್ನೂ ಕಂಡ ಮೇಲೆಯೇ ಕುದುರೆಯನ್ನು ಎತ್ತಬೇಕು. ಕುಡಿದ ದಿನ, ಜಗಳವಾದ ದಿನ ಮುಟ್ಟಕೂಡದು. ೨೦೧೬ರ ನಿಯಮಗಳು ಹೇಳುವ ಸುರಕ್ಷತಾ ಶಿಕ್ಷಣವನ್ನು ಕಾಗದಕ್ಕಾಗಿ ಪಡೆಯದೆ ಕೈಗಾಗಿ ಪಡೆಯಬೇಕು. ಅಶ್ವತ್ಥಾಮನೂ ಅರ್ಜುನನೂ ಒಂದೇ ಅಸ್ತ್ರವನ್ನು ಬಿಟ್ಟರು. ಅರ್ಜುನನು ಹಿಂದೆಗೆದುಕೊಂಡನು, ಅಶ್ವತ್ಥಾಮನಿಗೆ ಅದು ಸಾಧ್ಯವಾಗದೆ ಉತ್ತರೆಯ ಗರ್ಭದ ಮೇಲೆ ಬಿತ್ತು. ಎತ್ತ ಬಲ್ಲವನೆಂಬುದು ಯೋಗ್ಯತೆಯಲ್ಲ, ಇಳಿಸಬಲ್ಲವನೆಂಬುದು ಯೋಗ್ಯತೆ.

ಸರ್ಕಾರವನ್ನೂ ಬಿಟ್ಟು ಹೇಳುವಂತಿಲ್ಲ. ಚುನಾವಣೆಯು ಬಂದೊಡನೆಯೇ, ಯಾರಿಂದ ಅಪಾಯವುಂಟು ಯಾರಿಂದಿಲ್ಲವೆಂದು ಒಬ್ಬೊಬ್ಬರ ವಿಷಯವನ್ನೂ ಪರಿಶೀಲಿಸಬೇಕಾದ ಸಮಿತಿಯಿದ್ದರೂ, ಎಲ್ಲರ ಕೋವಿಗಳನ್ನೂ ಒಟ್ಟಿಗೆ ಠಾಣೆಗೆ ತರಿಸುವುದು ಸುಲಭದ ದಾರಿಯಾಗಿದೆ. ರೈತನ ಕೈಯಿಂದ ಕೋವಿಯನ್ನು ತೆಗೆದುಕೊಳ್ಳುವ ಅಧಿಕಾರವುಳ್ಳವರು ಅವನ ಬೆಳೆಯನ್ನು ಕಾಯುವ ಭಾರವನ್ನೂ ಹೊರಬೇಕು. ಆನೆಯು ಎಲ್ಲಿದೆಯೆಂಬ ಸೂಚನೆಯು ಕೂಲಿಯವಳು ತೋಟಕ್ಕೆ ಹೊರಡುವ ಮುನ್ನ ಅವಳನ್ನು ಮುಟ್ಟಬೇಕು. ಆನೆ ಕಾರ್ಯಪಡೆಯು ಕರೆದ ರಾತ್ರಿಯೇ ಬರಬೇಕು. ನಷ್ಟಪರಿಹಾರವು ಮುಂದಿನ ಬಿತ್ತನೆಗೆ ಮೊದಲೇ ಕೈಸೇರಬೇಕು. ಇವುಗಳಿಗಾಗಿ ನಮ್ಮ ಮಿತ್ರರು ಗಟ್ಟಿಯಾಗಿ ಕೂಗಿದರೆ ಅವರ ಹಿಂದೆ ನಾನೂ ಕೂಗುವೆನು. ಎರಡನೆಯ ಕೋವಿಯ ಅರ್ಜಿಗಾಗಿ ಮಾತ್ರ ನನ್ನ ಸಹಿಯನ್ನು ಕೇಳಬೇಡಿರಿ.

ಮಹಾಪ್ರಸ್ಥಾನಕ್ಕೆ ಹೊರಟ ಅರ್ಜುನನು ಗಾಂಡೀವವನ್ನು ಬಿಡಲಾರದೆ ಹೊತ್ತುಕೊಂಡೇ ನಡೆದನಂತೆ. ಅಗ್ನಿಯು ಬಂದು, ಇನ್ನು ಇದರಿಂದ ಕಾರ್ಯವಿಲ್ಲವೆಂದು ಹೇಳಿದ ಮೇಲೆ ಸಮುದ್ರಕ್ಕೆ ಹಾಕಿದನು. ನಮ್ಮ ಮನೆಗಳಿಗೆ ಅಗ್ನಿಯು ಬಂದು ಹೇಳುವುದಿಲ್ಲ. ಈ ಸಂಚಿಕೆಯನ್ನು ಓದಿದ ಗೃಹಸ್ಥರು ಇಂದು ರಾತ್ರಿ ತಮ್ಮ ಬಾಗಿಲ ಹಿಂದೆ ನೋಡಿ, ಅಲ್ಲಿರುವ ಕೋವಿಯು ತುಂಬಿದೆಯೆ ಬರಿದಾಗಿದೆಯೆ ಎಂಬುದನ್ನು ತಾವೇ ಪರೀಕ್ಷಿಸಿಕೊಳ್ಳಲಿ. ಬಳಿಕ, ಅದು ಇಲ್ಲಿ ಏತಕ್ಕಿದೆಯೆಂದು ಮನೆಯಾಕೆಯನ್ನು ಕೇಳಲಿ. ಉತ್ತರವು ಸಿಗದಿದ್ದರೆ ನಾಳೆ ಬೆಳಗ್ಗೆ ಠಾಣೆಗೆ ಒಪ್ಪಿಸಿ ಬರಲಿ. ನಮ್ಮ ತಂದೆಯವರ ಕೇಪಿನ ಕೋವಿಯನ್ನು ಒಪ್ಪಿಸಿ ರಸೀತಿಯನ್ನು ತಂದವನು ನಾನೇ. ಆ ದಿನ ದಾರಿಯಲ್ಲಿ ಆ ಹುಡುಗನನ್ನು ಕಂಡೆನು. ಈಗ ಅವನು ಎರಡು ಮಕ್ಕಳ ತಂದೆ. ಎಲ್ಲಿಗೆ ಹೋಗಿದ್ದಿರಿ ಮೇಷ್ಟ್ರೇ ಎಂದನು. ಹೇಳಿದೆನು. ಒಳ್ಳೆಯದಾಯಿತು ಎಂದಷ್ಟೇ ಹೇಳಿ ಅವನು ತನ್ನ ಹಸುಗಳನ್ನು ಹೊಡೆದುಕೊಂಡು ಹೋದನು.